ಔಷಧಿಯಂಗಡಿಯ ಉದ್ಯೋಗ: ಅನುಭವವಿಲ್ಲದವರಿಗೆ ದಾರಿಯುಂಟೆ?

ಪುಣೆ-ನಾಸಿಕ ಹೆದ್ದಾರಿಯ ಮೇಲಿರುವ ಚಾಕಣವು ಈರುಳ್ಳಿಯ ಪೇಟೆಗೆ ಹೆಸರಾದ ಊರು. ಈಗ ಅದರ ಸುತ್ತಲೂ ಮೋಟಾರು ಕಾರ್ಖಾನೆಗಳೆದ್ದಿವೆ; ಅವುಗಳ ಬೆನ್ನಿಗೆ ಖಾನಾವಳಿಗಳೂ ಆಸ್ಪತ್ರೆಗಳೂ ಔಷಧಿಯಂಗಡಿಗಳೂ ಬಂದಿವೆ. ಇಂತಹ ಊರುಗಳ ಹೋಟೆಲುಗಳಲ್ಲಿ ದುಡಿಯುವ ನಮ್ಮ ತರುಣರಿಗೆ ಎದುರುಸಾಲಿನ ಔಷಧಿಯಂಗಡಿಯ ಕೆಲಸವು ಆಕರ್ಷಕವಾಗಿ ತೋರುವುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಒಲೆಯ ಝಳವಿಲ್ಲ, ಎಂಜಲು ಮೇಜು ಒರೆಸುವುದಿಲ್ಲ. ಆದರೆ ಪೂರ್ವಾನುಭವವಿಲ್ಲದವನಿಗೆ ಆ ಕೆಲಸ ದೊರೆಯುವುದೆ?

ದೊರೆಯುವುದು, ಆದರೆ ಯಾವ ಕೆಲಸವೆಂಬುದನ್ನು ಮೊದಲೇ ತಿಳಿದಿರಬೇಕು. 1948ರ ಫಾರ್ಮಸಿ ಕಾಯಿದೆಯ 42ನೆಯ ಕಲಮಿನಂತೆ ವೈದ್ಯರ ಚೀಟಿಯ ಔಷಧಿಯನ್ನು ಬೆರೆಸುವ, ಸಿದ್ಧಪಡಿಸುವ, ರೋಗಿಗೆ ಕೊಡುವ ಅಧಿಕಾರವು ನೋಂದಾಯಿತ ಫಾರ್ಮಸಿಸ್ಟನಿಗೆ ಮಾತ್ರ ಸೇರಿದ್ದು. ಉಳಿದವರು ಕೈಹಾಕಿದರೆ ಅದು ಶಿಕ್ಷಾರ್ಹ ಅಪರಾಧ. ಹೊರದೇಶಗಳಲ್ಲಿ ‘ಫಾರ್ಮಸಿ ಟೆಕ್ನೀಶಿಯನ್’ ಎಂಬ ಮಧ್ಯದ ದರ್ಜೆಯೊಂದುಂಟು; ನಮ್ಮ ಕಾಯಿದೆಯಲ್ಲಿ ಅದಿಲ್ಲ. ಇಲ್ಲಿರುವುದು ಫಾರ್ಮಸಿಸ್ಟ್, ಇಲ್ಲವೇ ಅವನ ಕೈಕೆಳಗಿನ ಸಹಾಯಕ.

ಹಿಂದೆ ಹೀಗಿರಲಿಲ್ಲ. 1930ರಲ್ಲಿ ನೇಮಕವಾದ ಚೋಪ್ರಾ ಸಮಿತಿಯು ದೇಶದ ಔಷಧಿ ವ್ಯಾಪಾರದ ಅವ್ಯವಸ್ಥೆಯನ್ನು ಪರಿಶೀಲಿಸುವ ಮೊದಲು, ಡಾಕ್ಟರರ ಬಳಿ ಬಾಟಲಿ ತೊಳೆಯುತ್ತ ಸೇರಿದ ಹುಡುಗನು ಕ್ರಮೇಣ ಕಾಂಪೌಂಡರನಾಗುತ್ತಿದ್ದನು. 1948ರ ಕಾಯಿದೆಯೂ ಮೊದಲನೆಯ ನೋಂದಣಿಯ ಕಾಲದಲ್ಲಿ, ಐದು ವರ್ಷ ಔಷಧಿ ಬೆರೆಸಿದ ಅನುಭವವುಳ್ಳವರಿಗೆ ಅವಕಾಶ ಕೊಟ್ಟಿತ್ತು. ಆ ಬಾಗಿಲು ಮುಚ್ಚಿ ಬಹುಕಾಲವಾಯಿತು. ಇಂದು ಹತ್ತು ವರ್ಷ ಅಂಗಡಿಯಲ್ಲಿ ನಿಂತವನೂ ಆ ಅನುಭವದಿಂದಲೇ ಫಾರ್ಮಸಿಸ್ಟನಾಗಲಾರನು. ನಿನ್ನೆ ಡಿಪ್ಲೊಮಾ ಮುಗಿಸಿ ಹೆಸರು ನೋಂದಾಯಿಸಿದವನು ಆಗಬಲ್ಲನು. “ನಾಲ್ಕು ವರ್ಷ ನಿಲ್ಲು, ಎಲ್ಲ ತಾನಾಗಿ ಆಗುತ್ತದೆ” ಎಂಬ ಮಾತನ್ನು ನಂಬಿ ಪ್ರಾಯ ಕಳೆದವರಿದ್ದಾರೆ.

ಸಹಾಯಕನ ಕೆಲಸವು ಹೀನವೆಂದು ನಾವು ಹೇಳುತ್ತಿಲ್ಲ. ಬಂದ ಸರಕನ್ನು ಬಿಲ್ಲಿನೊಡನೆ ತಾಳೆ ನೋಡುವುದು, ಅವಧಿ ಬೇಗ ಮುಗಿಯುವ ಪೆಟ್ಟಿಗೆಗಳನ್ನು ಮುಂದಿಡುವುದು, ಅವಧಿ ಮೀರಿದ್ದನ್ನು ಬೇರ್ಪಡಿಸುವುದು, ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ಶೀತದಲ್ಲಿ ಕಾಯುವುದು, ಗಲ್ಲೆಯಲ್ಲಿ ಲೆಕ್ಕ ಬರೆಯುವುದು, ಇವೆಲ್ಲ ಅವನವೇ. ಹೋಟೆಲಿನ ಉಗ್ರಾಣ ನೋಡಿದವನಿಗೂ ಅಂಗಡಿಯ ಗುಮಾಸ್ತನಿಗೂ ಇದು ತೀರ ಹೊಸತಲ್ಲ. ಕೆಲಸ ಕೇಳಲು ಹೋದಾಗ ‘ಅನುಭವವಿಲ್ಲ’ವೆಂದು ತಲೆತಗ್ಗಿಸುವ ಬದಲು ಈ ಸಂಗತಿಯನ್ನೇ ಹೇಳಬೇಕು.

ಆದರೆ ಹೋಟೆಲಿನ ಒಂದು ಅಭ್ಯಾಸವನ್ನು ಮಾತ್ರ ಹೊಸಿಲಾಚೆಗೇ ಬಿಟ್ಟುಹೋಗಬೇಕು. ಇಡ್ಲಿ ತೀರಿದ್ದರೆ “ಉಪ್ಪಿಟ್ಟು ಬಿಸಿಯಿದೆ” ಎನ್ನುವುದು ಜಾಣ ಮಾಣಿಯ ಲಕ್ಷಣ. ಔಷಧಿಯಲ್ಲಿ ಅದು ಸಲ್ಲದು. ‘ಎಚ್’, ‘ಎಚ್1’, ‘ಎಕ್ಸ್’ ಅನುಸೂಚಿಗಳಲ್ಲಿರುವ ಔಷಧಿಗೆ ಚೀಟಿ ಬಂದರೆ, ಒಳಗಿನ ದ್ರವ್ಯ ಒಂದೇ ಆಗಿದ್ದರೂ ಬೇರೆ ಹೆಸರಿನ ತಯಾರಿಕೆಯನ್ನು ಬದಲಾಗಿ ಕೊಡಕೂಡದೆಂದು ಔಷಧಿ ನಿಯಮಗಳ 65ನೆಯ ನಿಯಮವು ಹೇಳುವುದು. 2014ರ ಮಾರ್ಚಿಯಿಂದ ಜಾರಿಗೆ ಬಂದ ‘ಎಚ್1’ ಅನುಸೂಚಿಯ ಔಷಧಿಗಳಿಗಂತೂ ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಮೂರು ವರ್ಷ ಕಾಯ್ದಿಡಬೇಕು. ಗೋಡೆಯ ಮೇಲೆ ಫಾರ್ಮಸಿಸ್ಟನ ಪ್ರಮಾಣಪತ್ರವಿದ್ದು ಆಸಾಮಿ ಮಾತ್ರ ಎಂದೂ ಕಾಣಿಸದ ಅಂಗಡಿಯಲ್ಲಿ, ಚೀಟಿ ಓದಿ ಔಷಧಿ ಕೊಡುವ ಹೊಣೆ ಹುಡುಗನ ತಲೆಗೆ ಬೀಳುವುದು. ಅಂತಹ ಅಂಗಡಿಯು ಹೆಚ್ಚು ಸಂಬಳ ಕೊಟ್ಟರೂ ಸೇರತಕ್ಕದ್ದಲ್ಲ. ತಪ್ಪಿದರೆ ನಷ್ಟವಾಗುವುದು ಒಂದು ಪ್ಲೇಟು ತಿಂಡಿಯಲ್ಲ.

ಇನ್ನು ಫಾರ್ಮಸಿಸ್ಟನೇ ಆಗಬೇಕೆನ್ನುವವರ ವಿಚಾರ. ವಿಜ್ಞಾನ ಶಾಖೆಯಲ್ಲಿ 12ನೆಯ ತರಗತಿ ಅಥವಾ ಪಿ.ಯು.ಸಿ. ತೇರ್ಗಡೆಯಾಗಿರಬೇಕು; ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಡನೆ ಜೀವಶಾಸ್ತ್ರವೋ ಗಣಿತವೋ ಇರಬೇಕು. ವಾಣಿಜ್ಯ ಓದಿದ ಗುಮಾಸ್ತರಿಗೆ, ಪದವಿಯಿದ್ದರೂ, ಇದು ನೇರವಾದ ದಾರಿಯಲ್ಲ. ಡಿ.ಫಾರ್ಮ್ ಎರಡು ವರ್ಷದ ವ್ಯಾಸಂಗ. ಅದರ ಮೇಲೆ 500 ಗಂಟೆಗಳ ತರಬೇತಿ, ಅದರಲ್ಲಿ ಕನಿಷ್ಠ 250 ಗಂಟೆ ಚೀಟಿ ನೋಡಿ ಔಷಧಿ ಕೊಡುವ ಅಭ್ಯಾಸ. ‘ಅನುಭವ’ವೆಂಬುದನ್ನು ವ್ಯಾಸಂಗವೇ ಒದಗಿಸುವುದು. ಬಳಿಕ ಕೆಲಸ ಮಾಡುವ ರಾಜ್ಯದ ಪರಿಷತ್ತಿನಲ್ಲಿ, ಇಲ್ಲಿಯಾದರೆ ಮಹಾರಾಷ್ಟ್ರ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ, ನೋಂದಣಿ. 2022ರಲ್ಲಿ ನಿರ್ಗಮನ ಪರೀಕ್ಷೆಯ ನಿಯಮವೂ ಬಂದಿರುವುದರಿಂದ, ಅದು ತಮಗೆ ಅನ್ವಯಿಸುವುದೋ ಎಂದು ಪರಿಷತ್ತಿನಲ್ಲಿಯೇ ವಿಚಾರಿಸುವುದು ಲೇಸು.

ನಿಜವಾದ ಕಷ್ಟವಿರುವುದು ಹಾಜರಿಯಲ್ಲಿ. ನೂರಕ್ಕೆ 75ರಷ್ಟು ಹಾಜರಿ ಕಡ್ಡಾಯ. ಹಗಲು ಹೋಟೆಲಿನಲ್ಲಿ ನಿಂತು ಇದನ್ನು ಪೂರೈಸಲಾಗದು. ಊರಿಗೆ ಹಣ ಕಳುಹಿಸಬೇಕಾದವನಿಗೆ ಎರಡು ವರ್ಷದ ಹಗಲುಗೂಲಿಯ ನಷ್ಟವು ಸಣ್ಣದಲ್ಲ. ಈ ಕಷ್ಟವನ್ನು ಬಲ್ಲ ದಲ್ಲಾಳಿಗಳು “ಬರುವುದೇ ಬೇಡ, ಪರೀಕ್ಷೆಗೆ ಕುಳಿತರೆ ಸಾಕು” ಎಂದು ದೂರದ ಕಾಲೇಜಿನ ಹೆಸರು ಹೇಳಿ ಹಣ ಕೇಳುವರು. ಅಂಚೆಯ ಮೂಲಕ ಓದುವ ಡಿ.ಫಾರ್ಮಿಗೆ ಮಾನ್ಯತೆಯಿಲ್ಲ. ಭಾರತೀಯ ಫಾರ್ಮಸಿ ಪರಿಷತ್ತು 12ನೆಯ ಕಲಮಿನಂತೆ ಅಂಗೀಕರಿಸಿದ ಕಾಲೇಜುಗಳ ಪಟ್ಟಿಯಲ್ಲಿ ಹೆಸರು ನೋಡದೆ ಒಂದು ರೂಪಾಯಿಯನ್ನೂ ಕೊಡಬಾರದು. ಸಂಜೆಯ ಪಾಳಿ ಕೊಡಲೊಪ್ಪುವ ಮಾಲಿಕರು ಸಿಕ್ಕರೆ ಅದು ಭಾಗ್ಯವೇ ಸರಿ. ಸೇರುವ ಮೊದಲೇ ಅವರೊಡನೆ ಸ್ಪಷ್ಟವಾಗಿ ಮಾತನಾಡಿಕೊಳ್ಳಬೇಕು.

ಮಹಾರಾಷ್ಟ್ರದಲ್ಲಿ ಈ ಪರೀಕ್ಷೆಗಳನ್ನು ರಾಜ್ಯದ ತಾಂತ್ರಿಕ ಶಿಕ್ಷಣ ಮಂಡಳಿಯು ನಡೆಸುವುದು. ಪಿ.ಯು.ಸಿ.ಯ ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರಗಳು ಊರಿನ ಪೆಟ್ಟಿಗೆಯಲ್ಲಿ ಉಳಿದಿದ್ದರೆ, ಪ್ರವೇಶದ ಪ್ರಕಟಣೆಗೆ ಕಾಯದೆ ಈಗಲೇ ತರಿಸಿಟ್ಟುಕೊಳ್ಳಬೇಕು.