ಚಳಿಜ್ವರಕ್ಕೆ ಹೊಸ ಮದ್ದು ಹುಟ್ಟುವ ಬಗೆ

ನಮ್ಮ ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಮುಖ ಒಂದಲ್ಲ. ರೋಗವನ್ನು ಕಳೆಯುವುದು ಮದ್ದು. ‘ಅವನಿಗೆ ಯಾರೋ ಮದ್ದು ಹಾಕಿದರು’ ಎಂದಾಗ ಅದೇ ಮದ್ದು ವಿಷವಾಗುತ್ತದೆ. ಕೋವಿಗೆ ತುಂಬುವ ಪುಡಿಗೂ ಅದೇ ಹೆಸರು. ಕಾಯುವುದೂ ಕೊಲ್ಲುವುದೂ ಒಂದೇ ಮಾತಿನಲ್ಲಿ ಕೂಡಿರುವುದು ಸೋಜಿಗವೆನಿಸಬಹುದು. ಆದರೆ ಮಲೇರಿಯದಂಥ ರೋಗಗಳಿಗೆ ಔಷಧವನ್ನು ಕಟ್ಟಲು ಹೊರಟ ರಸಾಯನಜ್ಞನನ್ನು ಕೇಳಿದರೆ, ಈ ಮಾತು ಸರಿಯಾಗಿಯೇ ಇದೆಯೆಂದು ಆತ ಒಪ್ಪುತ್ತಾನೆ. ಆತನಿಗೆ ಬೇಕಾದುದು ವಿಷವೇ. ಆದರೆ ಅದು ರೋಗಾಣುವಿಗೆ ಮಾತ್ರ ವಿಷವಾಗಿರಬೇಕು. ಒಂದೇ ಪಂಕ್ತಿಯಲ್ಲಿ ಕುಳಿತ ಇಬ್ಬರಿಗೂ ಒಂದೇ ಪಾತ್ರೆಯಿಂದ ಬಡಿಸಿ, ಒಬ್ಬನನ್ನು ಕೊಂದು ಇನ್ನೊಬ್ಬನನ್ನು ಉಳಿಸುವುದು ಹೇಗೆ? ನಾವು ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ ಇದೇ.

ಮಾವಿನ ಕೊಂಬೆಯ ಮೇಲೆ ಬಂದಳಿಕೆ ಬೆಳೆದಿರುವುದನ್ನು ನೀವು ನೋಡಿರುತ್ತೀರಿ. ಅದು ಮರದ ಸಾರವನ್ನೇ ಹೀರಿ ಬದುಕುತ್ತದೆ. ಹೀಗೆ ಪರರ ಒಡಲಲ್ಲಿ ಸೇರಿಕೊಂಡು ಅವರ ಅನ್ನವನ್ನೇ ತಿಂದು ಬಾಳುವ ಜೀವಿಗಳಿಗೆ ಪರೋಪಜೀವಿಗಳೆಂದು ಹೆಸರು. ಬಂದಳಿಕೆ ಹೆಚ್ಚಿದರೆ ತೋಟಗಾರನು ಕೊಂಬೆಯನ್ನೇ ಕಡಿದು ಹಾಕುತ್ತಾನೆ. ವೈದ್ಯನಿಗೆ ಆ ಅನುಕೂಲವಿಲ್ಲ. ಅವನು ಕೊಂಬೆಯನ್ನು ಮುಟ್ಟದೆ ಬಂದಳಿಕೆಯನ್ನು ಮಾತ್ರ ಒಣಗಿಸಬೇಕು.

ಬ್ಯಾಕ್ಟೀರಿಯಗಳ ವಿಷಯದಲ್ಲಿ ಇದು ಅಷ್ಟು ಕಠಿಣವಲ್ಲ. ಅವುಗಳ ಸುತ್ತ ಒಂದು ಗೋಡೆಯುಂಟು; ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯಿಲ್ಲ. ಪೆನಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ, ನಮ್ಮ ಗೊಡವೆಗೆ ಬರುವುದಿಲ್ಲ. ಮಲೇರಿಯದ ರೋಗಾಣುವಾದರೋ ನಮಗೆ ಹೆಚ್ಚು ಹತ್ತಿರದ ನಂಟ. ಅದರ ಕೋಶದಲ್ಲಿಯೂ ನಮ್ಮದರಲ್ಲಿರುವಂತೆಯೇ ಕೋಶಕೇಂದ್ರವುಂಟು. ಅದರ ಒಳಗಿನ ವ್ಯವಹಾರಗಳಲ್ಲಿ ಎಷ್ಟೋ ನಮ್ಮ ಕೋಶಗಳ ವ್ಯವಹಾರಗಳೇ. ಸೊಳ್ಳೆ ಕಚ್ಚಿದಾಗ ಅದು ದೇಹವನ್ನು ಹೊಕ್ಕು, ಮೊದಲು ಯಕೃತ್ತಿನಲ್ಲಿ ಬೆಳೆದು, ಬಳಿಕ ರಕ್ತದ ಕೆಂಪುಕಣಗಳೊಳಗೆ ಸೇರುತ್ತದೆ. ಅಲ್ಲಿ ಮರಿಮಾಡಿ, ಕಣವನ್ನು ಒಡೆದು ಹೊರಬಂದಾಗ ನಡುಕ, ಜ್ವರ, ಬೆವರು. ದಿನ ಬಿಟ್ಟು ದಿನ ಬರುವ ಚಳಿಜ್ವರದ ಗುಟ್ಟು ಇದೇ. ಆ ಜಾತಿಯ ರೋಗಾಣುಗಳ ಒಂದು ತಲೆಮಾರಿಗೆ ಸುಮಾರು 48 ಗಂಟೆ.

ಈ ಜ್ವರಕ್ಕೆ ಮೊದಲು ದೊರೆತ ನಂಬುಗೆಯ ಮದ್ದು ದಕ್ಷಿಣ ಅಮೆರಿಕದ ಸಿಂಕೋನ ಮರದ ತೊಗಟೆ. 1820ರಲ್ಲಿ ಪೆಲ್ತಿಯೆ ಮತ್ತು ಕವಾಂತು ಎಂಬ ಫ್ರೆಂಚ್ ವಿಜ್ಞಾನಿಗಳು ಅದರ ಸಾರವಾದ ಕ್ವಿನೈನನ್ನು ಬೇರ್ಪಡಿಸಿದರು. ಮರವನ್ನೇ ನೆಚ್ಚಿಕೊಂಡಿರುವುದೇಕೆ, ಗಾಜಿನ ಬುರುಡೆಯಲ್ಲಿಯೇ ತಯಾರಿಸಬಾರದೆ ಎಂದು 1856ರಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಪ್ರಯತ್ನಿಸಿದ. ಕ್ವಿನೈನು ಬರಲಿಲ್ಲ; ನೇರಳೆಯ ಬಣ್ಣವೊಂದು ಬಂದಿತು. ಆ ಬಣ್ಣದಿಂದ ಒಂದು ದೊಡ್ಡ ಉದ್ಯಮವೇ ಹುಟ್ಟಿತು. ವಿಚಿತ್ರವೆಂದರೆ, ಮದ್ದನ್ನು ಹುಡುಕಿ ಬಣ್ಣವನ್ನು ಕಂಡ ದಾರಿಯಲ್ಲಿಯೇ ಮುಂದೆ ಬಣ್ಣದಿಂದ ಮದ್ದು ದೊರೆಯಿತು.

ಜರ್ಮನಿಯ ಪಾಲ್ ಏರ್ಲಿಕ್ ಮಾಡಿದ ಊಹೆ ಸರಳವಾದುದು. ಕೆಲವು ಬಣ್ಣಗಳು ರೋಗಾಣುಗಳಿಗೆ ಚೆನ್ನಾಗಿ ಹಿಡಿಯುತ್ತವೆ, ಸುತ್ತಲಿನ ಅಂಗಾಂಶಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ. ಬಣ್ಣ ಆಯ್ದು ಹಿಡಿಯುವುದಾದರೆ ವಿಷವೂ ಆಯ್ದು ಹಿಡಿಯಬಾರದೇಕೆ? 1891ರಲ್ಲಿ ಆತನೂ ಗುಟ್‌ಮನ್ ಎಂಬ ವೈದ್ಯನೂ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಇಬ್ಬರು ಮಲೇರಿಯ ರೋಗಿಗಳಿಗೆ ಕೊಟ್ಟರು, ಗುಣ ಕಂಡಿತು. ಬಳಿಕ ಜರ್ಮನಿಯ ರಸಾಯನಜ್ಞರು ಈ ಅಣುವಿನ ಒಂದು ಕೈಯನ್ನು ತೆಗೆದು ಬೇರೊಂದನ್ನು ಜೋಡಿಸಿದರು. ಆ ಕೈಯನ್ನು ಕ್ವಿನೈನಿನಲ್ಲಿರುವಂಥ ಒಡಲಿಗೆ ಅಂಟಿಸಿ ನೋಡಿದರು. ಅಕ್ಕಸಾಲಿಗನು ಹಳೆಯ ಒಡವೆಯ ಹರಳನ್ನು ಬದಲಾಯಿಸುತ್ತ ಹೋದಂತೆ ಅವರು ಅಣುವನ್ನು ತಿದ್ದುತ್ತ ಹೋದರು. 1920ರ ದಶಕದ ನಡುವೆ ಪ್ಯಾಮಾಕ್ವಿನ್, 1930ರ ದಶಕದ ಮೊದಲಲ್ಲಿ ಮೆಪಾಕ್ರಿನ್, 1934ರಲ್ಲಿ ಹಾನ್ಸ್ ಆಂಡರ್ಸಾಗ್ ತಯಾರಿಸಿದ ಕ್ಲೋರೋಕ್ವಿನ್, ಹೀಗೆ ಒಂದರ ಹಿಂದೆ ಒಂದು ಬಂದವು. ಕ್ಲೋರೋಕ್ವಿನ್ ಅತಿ ವಿಷವೆಂದು ಮೊದಲು ಮೂಲೆಗೆ ಬಿದ್ದಿತು. 1942ರಲ್ಲಿ ಜಾವಾ ದ್ವೀಪ ಜಪಾನೀಯರ ಕೈಸೇರಿ ಕ್ವಿನೈನಿನ ಸರಬರಾಜು ನಿಂತಾಗ, ಅಮೆರಿಕದವರು ಸಾವಿರಾರು ಸಂಯುಕ್ತಗಳನ್ನು ಜಾಲಿಸಿ ನೋಡಿ, ಅದೇ ಕ್ಲೋರೋಕ್ವಿನನ್ನು ಮತ್ತೆ ಎತ್ತಿಕೊಂಡರು.

ಅದು ಕೆಲಸಮಾಡುವ ಬಗೆ ಮಾತ್ರ ಬಹಳ ಕಾಲದ ಮೇಲೆ ತಿಳಿಯಿತು. ಒಂದು ಅಡಿಗೆಮನೆಯನ್ನು ನೆನೆಯಿರಿ. ಒಲೆ ಉರಿದರೆ ಹೊಗೆ ಬರಲೇಬೇಕು. ಹೊಗೆಗಂಡಿ ಇದ್ದರೆ ಬಾಧೆಯಿಲ್ಲ. ಕೆಂಪುಕಣದೊಳಗಿನ ರೋಗಾಣು ಅಲ್ಲಿಯ ಹಿಮೋಗ್ಲೋಬಿನನ್ನು ತಿನ್ನುತ್ತದೆ. ತಿಂದಮೇಲೆ ಕಬ್ಬಿಣವುಳ್ಳ ಹೀಮ್ ಎಂಬ ಭಾಗ ಉಳಿಯುತ್ತದೆ. ಅದು ರೋಗಾಣುವಿಗೇ ವಿಷ. ಅದಕ್ಕಾಗಿ ರೋಗಾಣು ಹೀಮನ್ನು ಕಪ್ಪು ಹರಳುಗಳನ್ನಾಗಿ ಕಟ್ಟಿ ಒಂದು ಮೂಲೆಗೆ ಹಾಕುತ್ತದೆ. ಕ್ಲೋರೋಕ್ವಿನ್ ಈ ಹರಳು ಕಟ್ಟುವುದನ್ನು ತಡೆಯುತ್ತದೆ. ಎಂದರೆ ಹೊಗೆಗಂಡಿಯನ್ನು ಮುಚ್ಚುತ್ತದೆ. ರೋಗಾಣು ತನ್ನ ಒಲೆಯ ಹೊಗೆಯಲ್ಲಿ ತಾನೇ ಉಸಿರುಕಟ್ಟಿ ಸಾಯುತ್ತದೆ. ನಮ್ಮ ಕೋಶಗಳು ಹೀಗೆ ಹಿಮೋಗ್ಲೋಬಿನನ್ನು ಉಂಡು ಹರಳು ಕಟ್ಟುವುದಿಲ್ಲವಾದ್ದರಿಂದ ತಕ್ಕ ಪ್ರಮಾಣದ ಮದ್ದು ನಮ್ಮನ್ನು ಬಾಧಿಸುವುದಿಲ್ಲ. ಅತಿಥಿಗೂ ಮನೆಯವನಿಗೂ ಇರುವ ಭೇದವೊಂದು ಇಲ್ಲಿ ಸಿಕ್ಕಿತು.

ಆದರೆ ರೋಗಾಣುವೂ ಕೈಕಟ್ಟಿ ಕೂರುವುದಿಲ್ಲ. 1950ರ ದಶಕದ ಕೊನೆಯ ಹೊತ್ತಿಗೆ ಆಗ್ನೇಯ ಏಷ್ಯದಲ್ಲಿಯೂ ದಕ್ಷಿಣ ಅಮೆರಿಕದಲ್ಲಿಯೂ ಕ್ಲೋರೋಕ್ವಿನಿಗೆ ಬಗ್ಗದ ರೋಗಾಣುಗಳು ತಲೆಯೆತ್ತಿದವು. ಅವು ತಮ್ಮ ಒಳಗಿನ ಒಂದು ಬಾಗಿಲಿನ ಆಕಾರವನ್ನು ಬದಲಾಯಿಸಿಕೊಂಡು, ಒಳಬಂದ ಮದ್ದನ್ನು ಬೇಕಾದೆಡೆಯಿಂದ ಹೊರಕ್ಕೆ ನೂಕುವುದನ್ನು ಕಲಿತಿದ್ದವು.

ಮುಂದಿನ ಮದ್ದು ಬಂದುದು ಒಂದು ಹಳೆಯ ಪುಸ್ತಕದಿಂದ. 1967ರಲ್ಲಿ ಚೀನದ ಸರ್ಕಾರ ಮಲೇರಿಯದ ಔಷಧಕ್ಕಾಗಿ ಗುಪ್ತವಾದ ಯೋಜನೆಯೊಂದನ್ನು ಆರಂಭಿಸಿತು. ತೂ ಯೂಯೂ ಎಂಬ ವಿದುಷಿ ಹಳೆಯ ವೈದ್ಯಗ್ರಂಥಗಳನ್ನು ತಿರುವಿಹಾಕಿದರು. ಚಿಂಗ್‌ಹಾವ್ ಎಂಬ ಗಿಡದ ಸಾರ ಒಮ್ಮೆ ಫಲಕೊಟ್ಟರೆ ಒಮ್ಮೆ ಕೊಡುತ್ತಿರಲಿಲ್ಲ. ನಾಲ್ಕನೆಯ ಶತಮಾನದ ಗೆ ಹೊಂಗ್ ಎಂಬವನ ಗ್ರಂಥದಲ್ಲಿ ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಯಿಸಿ ಹಿಂಡಿ ಕುಡಿಯಬೇಕೆಂದಿತ್ತು, ಕಾಯಿಸಬೇಕೆಂದು ಇರಲಿಲ್ಲ. ಆ ಒಂದು ಮಾತು ಆಕೆಯ ಮನಸ್ಸಿಗೆ ತಟ್ಟಿತು. ಕುದಿಸುವುದರಿಂದಲೇ ಗುಣ ಕೆಡುತ್ತಿರಬಹುದಲ್ಲವೆ? ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರಿನಲ್ಲಿ ಸಾರವನ್ನು ಇಳಿಸಿದರು. 1971ರ ಅಕ್ಟೋಬರಿನಲ್ಲಿ ಆ ಸಾರ ರೋಗ ಹತ್ತಿದ ಇಲಿಗಳನ್ನು ಪೂರ್ತಿಯಾಗಿ ಗುಣಪಡಿಸಿತು. ಮರುವರ್ಷ ರೋಗಿಗಳಿಗೆ ಕೊಡುವುದಕ್ಕೆ ಮುಂಚೆ ಆಕೆಯೂ ಜೊತೆಗಾರರೂ ಅದನ್ನು ತಾವೇ ಕುಡಿದು ನೋಡಿದರು. ಅದರೊಳಗಿನ ಶುದ್ಧವಸ್ತುವೇ ಆರ್ಟಿಮಿಸಿನಿನ್. 2015ರಲ್ಲಿ ಆಕೆಗೆ ನೊಬೆಲ್ ಬಹುಮಾನ ಸಂದಿತು. ಹಳೆಯ ಗ್ರಂಥವನ್ನು ಅಕ್ಷರ ಬಿಡದೆ ಓದುವುದರ ಫಲ ಇದು. ಹಾಗೆ ಓದಿದುದನ್ನು ಪರೀಕ್ಷೆಗೆ ಒಡ್ಡುವುದರ ಫಲವೂ ಹೌದು.

ಆರ್ಟಿಮಿಸಿನಿನ್ ಅಣುವಿನ ಮರ್ಮ ಎರಡು ಆಮ್ಲಜನಕ ಪರಮಾಣುಗಳ ಒಂದು ಸೇತುವೆ. ಹೀಮಿನ ಕಬ್ಬಿಣ ಸೋಕಿದೊಡನೆ ಆ ಸೇತುವೆ ಮುರಿದು, ಕೋವಿಯ ಮದ್ದಿಗೆ ಕಿಡಿ ತಾಕಿದಂತಾಗಿ, ಸುತ್ತಲಿನದನ್ನೆಲ್ಲ ಹಾಳುಮಾಡುತ್ತದೆ. ಬಿಡಿಯಾದ ಹೀಮ್ ಹೇರಳವಾಗಿರುವುದು ರೋಗಾಣುವಿನ ಹೊಟ್ಟೆಯಲ್ಲಿ. ಆದ್ದರಿಂದ ಕಿಡಿ ಹತ್ತುವುದೂ ಅಲ್ಲಿಯೇ.

ಮೂಲವಸ್ತು ನೀರಿನಲ್ಲಿಯೂ ಎಣ್ಣೆಯಲ್ಲಿಯೂ ಸರಿಯಾಗಿ ಕರಗದು. ರಸಾಯನಜ್ಞರು ಸೇತುವೆಯನ್ನು ಹಾಗೆಯೇ ಉಳಿಸಿ ಅಂಚನ್ನು ತಿದ್ದಿದರು. ಎಣ್ಣೆಯಲ್ಲಿ ಕರಗುವ ಆರ್ಟಿಮೀಥರ್ ಆಯಿತು. ನಾಳದೊಳಕ್ಕೆ ಸೂಜಿಯಿಂದ ಕೊಡಬಹುದಾದ ಆರ್ಟಿಸುನೇಟ್ ಆಯಿತು. ಮುಂದೆ ಗಿಡದ ಹಂಗೇ ಬೇಡವೆಂದು, ಸೇತುವೆಯನ್ನು ಮಾತ್ರ ಅನುಕರಿಸಿ ಹೊಸ ಒಡಲನ್ನು ಕಟ್ಟಿದರು. ಆರ್ಟರೊಲೇನ್ ಎಂಬ ಇಂಥ ಅಣುವಿನ ವಿವರ 2004ರಲ್ಲಿ ಪ್ರಕಟವಾಯಿತು. 2012ರಲ್ಲಿ ಅದು ಇನ್ನೊಂದು ಮದ್ದಿನೊಡನೆ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದಿತು.

ಇನ್ನೊಂದು ಮಾರ್ಗವೂ ಉಂಟು. ಮೊದಲು ರೋಗಾಣುವಿನಲ್ಲಿದ್ದು ನಮ್ಮಲ್ಲಿಲ್ಲದ ಬೀಗವನ್ನು ಹುಡುಕುವುದು, ಬಳಿಕ ಅದಕ್ಕೆ ಬೀಗದ ಕೈ ಮಾಡುವುದು. ಇದಕ್ಕೆ ನಿದರ್ಶನ ಬೆಂಗಳೂರಿನಲ್ಲಿಯೇ ಇದೆ. 2001ರಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ, ಮಲೇರಿಯದ ರೋಗಾಣು ತನ್ನ ಕೊಬ್ಬಿನ ಆಮ್ಲಗಳನ್ನು ನಮ್ಮಂತೆ ಮಾಡದೆ ಬ್ಯಾಕ್ಟೀರಿಯಗಳ ಕ್ರಮದಲ್ಲಿ ಮಾಡುತ್ತದೆಂದು ತೋರಿಸಿದರು. ಸಾಬೂನು, ಹಲ್ಲಿನ ಪೇಸ್ಟುಗಳಲ್ಲಿ ಹಾಕುತ್ತಿದ್ದ ಟ್ರೈಕ್ಲೋಸಾನ್ ಆ ಕೆಲಸವನ್ನು ತಡೆದು, ರೋಗ ಹತ್ತಿದ ಇಲಿಗಳನ್ನು ಉಳಿಸಿತು. ಆದರೆ 2008ರ ಸುಮಾರಿಗೆ ಇತರರು ನಡೆಸಿದ ಪ್ರಯೋಗಗಳಲ್ಲಿ, ಆ ಬೀಗವನ್ನೇ ಕಿತ್ತುಹಾಕಿದರೂ ರಕ್ತದೊಳಗೆ ರೋಗಾಣು ಬೆಳೆಯುತ್ತದೆ, ಯಕೃತ್ತಿನಲ್ಲಿ ಮಾತ್ರ ಅದಕ್ಕೆ ಅದು ಅನಿವಾರ್ಯವೆಂದು ಕಂಡುಬಂದಿತು. ಬೀಗ ಬೇರೆಯಾಗಿದ್ದರೆ ಸಾಲದು. ರೋಗಿ ನರಳುವ ಹೊತ್ತಿನಲ್ಲಿ ರೋಗಾಣುವಿನ ಪ್ರಾಣ ಆ ಬಾಗಿಲಿನ ಹಿಂದೆಯೇ ಇರಬೇಕು. ಶಾಸ್ತ್ರ ಮುಂದುವರಿಯುವುದು ಇಂಥ ತಿದ್ದುಪಡಿಗಳಿಂದಲೇ.

ಕೊಲ್ಲುವ ಅಣು ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ಅದು ಹೊಟ್ಟೆಯಲ್ಲಿ ಕೆಡದೆ ರಕ್ತಕ್ಕೆ ಸೇರಬೇಕು. ಸಾಕಷ್ಟು ಹೊತ್ತು ನಿಲ್ಲಬೇಕು. ಹೃದಯಕ್ಕೂ ಯಕೃತ್ತಿಗೂ ಕೇಡು ತರಬಾರದು. ಎಳೆಯ ಮಕ್ಕಳಿಗೆ ಒಗ್ಗಬೇಕು. ಬಿಸಿಲುನಾಡಿನ ಗುಡಿಸಲಿನಲ್ಲಿಟ್ಟರೂ ಸತ್ತ್ವಗೆಡಬಾರದು. ಕೂಲಿಯವನಿಗೆ ಎಟಕುವ ಬೆಲೆಯಿರಬೇಕು. ಈ ಕೊನೆಯ ಷರತ್ತೇ ಎಷ್ಟೋ ಮದ್ದುಗಳು ಹುಟ್ಟದಿರಲು ಕಾರಣ. ಪರೋಪಜೀವಿಗಳ ರೋಗ ಬಹುಮಟ್ಟಿಗೆ ಬಡವರ ರೋಗ. ಲಾಭವಿಲ್ಲದ ಕಡೆ ಬಂಡವಾಳ ಸುಲಭವಾಗಿ ಹರಿಯದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಮಲೇರಿಯದಿಂದ ಸತ್ತವರು ಸುಮಾರು 6 ಲಕ್ಷ. ಅವರಲ್ಲಿ ಬಹುಮಂದಿ ಆಫ್ರಿಕದ ಐದು ವರ್ಷ ತುಂಬದ ಕೂಸುಗಳು.

ಈಗ ಆರ್ಟಿಮಿಸಿನಿನ್ನಿಗೂ ಜಗ್ಗದ ರೋಗಾಣುಗಳು ಹುಟ್ಟಿವೆ. 2008ರ ಹೊತ್ತಿಗೆ ಕಾಂಬೋಡಿಯದಲ್ಲಿ, ಬಳಿಕ ರುವಾಂಡ, ಉಗಾಂಡಗಳಲ್ಲಿಯೂ ಅವು ಕಂಡುಬಂದವು. ಇದಕ್ಕೆ ಉಪಾಯವೆಂದು ಬೇರೆ ಬೇರೆ ಬಗೆಯಲ್ಲಿ ಕೊಲ್ಲುವ ಎರಡು ಮದ್ದುಗಳನ್ನು ಜೊತೆಗೂಡಿಸಿ ಕೊಡುತ್ತಾರೆ. ಒಂದರಿಂದ ತಪ್ಪಿಸಿಕೊಂಡುದು ಇನ್ನೊಂದಕ್ಕೆ ಸಿಕ್ಕಬೇಕು. ಎರಡನ್ನೂ ಒಮ್ಮೆಗೇ ಗೆಲ್ಲುವ ರೋಗಾಣು ಅತಿ ವಿರಳ. ಗ್ಯಾನಪ್ಲಾಸೈಡ್ ಎಂಬ ಹೊಸ ಬಗೆಯ ಅಣುವನ್ನು ಹೀಗೆಯೇ ಇನ್ನೊಂದರೊಡನೆ ಕೂಡಿಸಿ ಆಫ್ರಿಕದಲ್ಲಿ ನಡೆಸಿದ ಕೊನೆಯ ಹಂತದ ಪರೀಕ್ಷೆ ಫಲಕಾರಿಯಾಯಿತೆಂದು 2025ರಲ್ಲಿ ತಿಳಿದುಬಂದಿತು.

ಇಷ್ಟರಲ್ಲಿ ನಮ್ಮ ಪಾಲೇನು ಎಂದು ನೀವು ಕೇಳಬಹುದು. ಒಂದು ಕಾಲಕ್ಕೆ ಮಲೆನಾಡನ್ನು ನಡುಗಿಸಿದ, ಇತ್ತೀಚಿನ ದಶಕಗಳಲ್ಲೂ ಮಂಗಳೂರನ್ನು ಕಾಡಿದ ವೈವಾಕ್ಸ್ ಜಾತಿಯ ಮಲೇರಿಯದಲ್ಲಿ ಜ್ವರ ಎರಡು ಮೂರು ದಿನಗಳಲ್ಲಿ ಬಿಡುತ್ತದೆ. ಆದರೆ ಕೆಲವು ರೋಗಾಣುಗಳು ಯಕೃತ್ತಿನಲ್ಲಿ ನಿದ್ದೆಹೋಗಿರುತ್ತವೆ. ಅವುಗಳಿಗಾಗಿಯೇ ವೈದ್ಯರು ರೋಗಿಯ ದೇಹಸ್ಥಿತಿಯನ್ನು ನೋಡಿ 14 ದಿನ ಪ್ರೈಮಾಕ್ವಿನ್ ಬರೆದುಕೊಡುತ್ತಾರೆ. ಮೈ ಹಗುರವಾಯಿತೆಂದು ಐದನೆಯ ದಿನಕ್ಕೇ ಮಾತ್ರೆ ನಿಲ್ಲಿಸಿದರೆ, ಮಲಗಿದ್ದ ರೋಗಾಣು ಕೆಲವು ವಾರ ಅಥವಾ ತಿಂಗಳುಗಳ ಮೇಲೆ ಎದ್ದು ಬರುತ್ತದೆ. ಅರೆಮದ್ದು ಉಂಡ ದೇಹ ರೋಗಾಣುವಿಗೆ ಒಂದು ಗರಡಿಮನೆ; ಸಾಯದೆ ಉಳಿದುದು ಅಲ್ಲಿ ಪಟ್ಟು ಕಲಿಯುತ್ತದೆ. ಒಂದು ಹೊಸ ಅಣು ಪ್ರಯೋಗಶಾಲೆಯಿಂದ ಅಂಗಡಿಗೆ ಬರಲು ಹತ್ತು ಹದಿನೈದು ವರ್ಷ ಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಚಳಿಜ್ವರ ಬಂದರೆ ರಕ್ತವನ್ನು ಪರೀಕ್ಷೆ ಮಾಡಿಸಿ. ವೈದ್ಯರು ಹೇಳಿದಷ್ಟು ದಿನವೂ ಎಣಿಸಿ ಮಾತ್ರೆ ನುಂಗಿಸಿ. ಗೋಡೆಯ ಪಂಚಾಂಗದಲ್ಲಿ ಒಂದೊಂದು ದಿನಕ್ಕೂ ಒಂದೊಂದು ಗೆರೆ ಎಳೆಯುತ್ತ ಹೋದರೆ ಲೆಕ್ಕ ತಪ್ಪುವುದಿಲ್ಲ.