ಹೊಗೆಯ ಹೊಣೆ ಕರಾರಿನಲ್ಲಿ ಎಲ್ಲಿದೆ?

ಪೀಣ್ಯದಲ್ಲಿ ಷೆಡ್ ಬಾಡಿಗೆಗೆ ಹಿಡಿಯಲು ಹೊರಟಿದ್ದ ಪರಿಚಿತರೊಬ್ಬರು ಕರಾರು ಪತ್ರವನ್ನು ಒಮ್ಮೆ ನೋಡಿ ಕೊಡಿ ಎಂದು ತಂದಿದ್ದರು. ಹನ್ನೊಂದು ಪುಟ. ಅಡ್ವಾನ್ಸ್ ಎಷ್ಟು, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬಿಟ್ಟು ಹೋಗುವಾಗ ಸುಣ್ಣಬಣ್ಣದ ಖರ್ಚು ಯಾರದು, ಎಲ್ಲವೂ ವಿವರವಾಗಿತ್ತು. ಹೊಗೆಯ ವಿಷಯಕ್ಕೆ ಸಂಬಂಧಪಟ್ಟದ್ದು ಒಂದೇ ಸಾಲು: ಬಾಡಿಗೆದಾರರು ಅನ್ವಯವಾಗುವ ಎಲ್ಲ ಕಾನೂನುಗಳನ್ನು ಪಾಲಿಸತಕ್ಕದ್ದು. ಎರಡು ಪುಟ ಮುಂದೆ ಇನ್ನೊಂದು ಷರತ್ತು: ಕಟ್ಟಡದಲ್ಲಿ, ಚಾವಣಿಯಲ್ಲಿ ಯಾವ ಬದಲಾವಣೆಯನ್ನೂ ಮಾಡಕೂಡದು.

ಅವರು ಇಡಬೇಕೆಂದಿದ್ದದ್ದು 100 ಕೆವಿಎ ಜನರೇಟರ್. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಸೂತ್ರದಂತೆ ಅದರ ಹೊಗೆ ಕೊಳವೆ ಕಟ್ಟಡಕ್ಕಿಂತ ಎತ್ತರವಾಗಿರಬೇಕು. ಎಷ್ಟು ಎತ್ತರ ಅಂದರೆ, ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿದಷ್ಟು ಮೀಟರು. ನೂರರ ವರ್ಗಮೂಲ ಹತ್ತು. ಹಾಗಾಗಿ ಚಾವಣಿಯ ಮೇಲೆ 2 ಮೀಟರು. ಶೀಟು ಕೊರೆಯದೆ, ಗೋಡೆಗೆ ಕ್ಲಾಂಪು ಹೊಡೆಯದೆ ಆ ಕೊಳವೆ ಅಲ್ಲಿಗೆ ಏರುವುದಾದರೂ ಹೇಗೆ? ಮೊದಲ ಷರತ್ತು ಪಾಲಿಸಿದರೆ ಎರಡನೆಯದು ಮುರಿಯುತ್ತದೆ, ಎರಡನೆಯದನ್ನು ಪಾಲಿಸಿದರೆ ಮೊದಲನೆಯದು. ಇಂಥ ಕರಾರುಗಳಿಗೆ ದಿನವೂ ಸಹಿ ಬೀಳುತ್ತಿದೆ ಎನ್ನುವುದೇ ನನ್ನ ಆತಂಕ.

ಕಾನೂನಿನ ಬುಡ ಮೊದಲು ತಿಳಿದಿರಲಿ. 1981ರ ವಾಯು ಮಾಲಿನ್ಯ ನಿಯಂತ್ರಣ ಕಾಯ್ದೆಯ 21ನೇ ಕಲಮಿನಂತೆ ಘಟಕಕ್ಕೆ ಮಂಡಳಿಯ ಸಮ್ಮತಿ ಬೇಕು. 22ನೇ ಕಲಮಿನಂತೆ ನಿಗದಿತ ಮಿತಿ ಮೀರಿ ಹೊಗೆ ಬಿಡುವಂತಿಲ್ಲ. ಹೊಣೆ ಹೊರುವವರು ಆಕ್ಯುಪೈಯರ್, ಅಂದರೆ ಕಾರ್ಖಾನೆಯ ಅಥವಾ ಆವರಣದ ವ್ಯವಹಾರ ಯಾರ ಹಿಡಿತದಲ್ಲಿದೆಯೋ ಅವರು. ಇಡೀ ವಿಷಯದ ತಿರುಳು ಇಲ್ಲೇ ಇದೆ. ಇಬ್ಬರು ಕೂತು ಮಾಡಿಕೊಂಡ ಕರಾರು ಮಂಡಳಿಯ ಕೈ ಕಟ್ಟುವುದಿಲ್ಲ. ಹೊಗೆಗೆ ಯಂತ್ರ ಕೊಟ್ಟವರೇ ಹೊಣೆ ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಂಡರೂ ನೋಟಿಸು ಬರುವುದು ನಿಮ್ಮ ಹೆಸರಿಗೇ. ಕರಾರಿನಿಂದ ಆಗುವ ಕೆಲಸ ಒಂದೇ: ನೀವು ತೆತ್ತ ಹಣವನ್ನು ಆಮೇಲೆ ಯಾರಿಂದ ವಸೂಲು ಮಾಡಿಕೊಳ್ಳಬಹುದು ಎಂಬುದನ್ನು ಗೊತ್ತುಮಾಡುವುದು. ಭಾರತೀಯ ಕರಾರು ಕಾಯ್ದೆಯ 124ನೇ ಕಲಮು ಹೇಳುವ ನಷ್ಟಭರ್ತಿಯ ಭರವಸೆ ಇದೇ.

ಆ ಹಣ ಸಣ್ಣದಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಪರಿಹಾರದ ಸೂತ್ರವನ್ನೇ ನೋಡಿ. ಕಿತ್ತಳೆ ವರ್ಗದ ಘಟಕಕ್ಕೆ ಮಾಲಿನ್ಯ ಸೂಚ್ಯಂಕ 50, ತಪ್ಪು ನಡೆದ ದಿನಗಳು 30 ಎಂದಿಟ್ಟುಕೊಳ್ಳಿ, ರೂಪಾಯಿ ಗುಣಕ 250, ಸಣ್ಣ ಘಟಕವಾದ್ದರಿಂದ 0.5, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಾದರೆ 1. ಗುಣಿಸಿದರೆ 1,87,500 ರೂಪಾಯಿ. ದೊಡ್ಡ ಘಟಕ, ದೊಡ್ಡ ಊರು ಆದಂತೆ ಇದು ಬೆಳೆಯುತ್ತದೆ. ಇಂಥ ಪರಿಹಾರ ವಿಧಿಸುವ ಅಧಿಕಾರ ಮಂಡಳಿಗಳಿಗೆ ಇದೆ ಎಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಾಯು ಕಾಯ್ದೆಯ 31ಎ ಕಲಮಿನಡಿ ಘಟಕ ಮುಚ್ಚಿಸುವ, ಕರೆಂಟು ನೀರು ಕಡಿತ ಮಾಡಿಸುವ ಅಧಿಕಾರ ಅದಕ್ಕೂ ಮುಂಚಿನಿಂದ ಇದೆ. ಕರೆಂಟು ಹೋದ ದಿನದಿಂದ ಕೂಲಿ, ಬಡ್ಡಿ, ತಡವಾದ ಆರ್ಡರಿನ ದಂಡ ಎಲ್ಲ ಸೇರಿದರೆ ಪರಿಹಾರದ ಮೊತ್ತವೇ ಸಣ್ಣದಾಗಿ ಕಾಣುತ್ತದೆ.

ಹಾಗಾದರೆ ಬಾಡಿಗೆ ಕರಾರಿನಲ್ಲಿ ಏನು ಬರೆಸಬೇಕು? ಕೊಳವೆ, ಫಿಲ್ಟರ್, ಅವುಗಳಿಗೆ ಬೇಕಾದ ಕಂಬ ಕಟ್ಟೆಗಳಿಗೆ ಚಾವಣಿ ಮತ್ತು ಹಿತ್ತಲಿನಲ್ಲಿ ಜಾಗ ಕೊಡಲು ಮಾಲೀಕರ ಒಪ್ಪಿಗೆ ಇದೆ ಎಂದು ಮೊದಲು ಬರೆಸಿ. ಸಮ್ಮತಿಗೆ ಬೇಕಾದ ಕಾಗದಗಳನ್ನು ಮಾಲೀಕರು ಎಷ್ಟು ದಿನದೊಳಗೆ ಕೊಡಬೇಕು ಎಂದೂ ಇರಲಿ. ಬಾಡಿಗೆಯ ಲೆಕ್ಕ ಸಮ್ಮತಿ ಸಿಕ್ಕ ದಿನದಿಂದ ಶುರುವಾಗಲಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ; ಕೊಡದಿದ್ದರೂ ಚೌಕಾಸಿಗೆ ಅದೊಂದು ಹಿಡಿ. ಹಿಂದೆ ಅಲ್ಲಿದ್ದವರ ಮೇಲೆ ಮುಚ್ಚುವ ಆದೇಶವಾಗಲಿ, ತೀರದ ಪರಿಹಾರವಾಗಲಿ ಇಲ್ಲ ಎಂದು ಮಾಲೀಕರು ಬರೆದುಕೊಡಬೇಕು. ಕರೆಂಟಿನ ಮೀಟರು ಅವರ ಹೆಸರಿನಲ್ಲಿರುತ್ತದೆ, ಕತ್ತಲಲ್ಲಿ ಕೂರುವವರು ಮಾತ್ರ ನೀವು.

ಎರಡನೆಯದು ಯಂತ್ರದ ಕರಾರು. ಹೆಚ್ಚು ಜನ ಮೋಸ ಹೋಗುವುದು ಇಲ್ಲಿ. ಸೌದೆ, ಹೊಟ್ಟು, ಬ್ರಿಕೆಟ್ ಉರಿಸುವ ಬಾಯ್ಲರಿಗೆ ಬ್ಯಾಗ್ ಫಿಲ್ಟರ್ ಕೊಡುವವರ ಕೊಟೇಷನ್ನಿನಲ್ಲಿ ಒಂದು ಸಾಲು ಕಾಣುತ್ತೀರಿ: ಹೊಗೆಯ ದೂಳು ಮಂಡಳಿಯ ಮಿತಿಯೊಳಗೆ ಬರುತ್ತದೆ. ಅದು ಗ್ಯಾರಂಟಿಯಲ್ಲ, ಬರೀ ಆಶ್ವಾಸನೆ. ಘನ ಮೀಟರಿಗೆ ಎಷ್ಟು ಮಿಲಿಗ್ರಾಂ ಎಂಬ ಅಂಕಿ ಇರಬೇಕು. ಅಷ್ಟೇ ಸಾಲದು, ಬಾಯ್ಲರಿಗೆ ಆ ಅಂಕಿಯನ್ನು ಶೇ 12 ಇಂಗಾಲದ ಡೈಆಕ್ಸೈಡಿಗೆ ಸರಿಹೊಂದಿಸಿ ಲೆಕ್ಕ ಹಾಕಬೇಕು ಎಂದೂ ಇರಬೇಕು. ಕಾರಣ ಸರಳ. ಡಕ್ಟಿನ ಸಂದಿಯಲ್ಲೋ ಫ್ಯಾನಿನಲ್ಲೋ ಹೆಚ್ಚುವರಿ ಗಾಳಿ ನುಗ್ಗಿಸಿದರೆ ಅದೇ ದೂಳು ಹೆಚ್ಚು ಗಾಳಿಯಲ್ಲಿ ಹರಡುತ್ತದೆ, ಘನ ಮೀಟರಿನ ಲೆಕ್ಕ ತಾನೇ ಇಳಿಯುತ್ತದೆ. ಹಾಲಿಗೆ ನೀರು ಬೆರೆಸಿದ ಹಾಗೆ. ನೀರು ಎಷ್ಟು ಬೆರೆತಿದೆ ಎಂದು ಹಿಡಿಯುವ ಲ್ಯಾಕ್ಟೋಮೀಟರ್ ಆ ಶೇ 12ರ ಲೆಕ್ಕ.

ಪರೀಕ್ಷೆಯ ದಿನ ಒಮ್ಮೆ ಚಿಮಣಿಯ ಬಳಿ ನಿಂತು ನೋಡಿ. ಲ್ಯಾಬಿನ ಹುಡುಗ ಕಬ್ಬಿಣದ ಏಣಿ ಹತ್ತಿ, ಅಟ್ಟಣಿಗೆಯ ಮೇಲೆ ನಿಂತು, ಚಿಮಣಿಗೆ ಕೊರೆದ ತೂತಿನೊಳಗೆ ಕೊಳವೆ ತೂರಿಸಿ ಹೊಗೆ ಎಳೆಯುತ್ತಾನೆ. ಆ ತೂತು ಕೆಳಗಿನ ತಿರುವಿನಿಂದ ಚಿಮಣಿಯ ವ್ಯಾಸದ ಎಂಟರಷ್ಟು ಮೇಲೆ, ತುದಿಯಿಂದ ಎರಡರಷ್ಟು ಕೆಳಗೆ ಇರಬೇಕೆಂಬುದು ಪದ್ಧತಿ. ಇಲ್ಲವಾದರೆ ಹೊಗೆ ಸುಳಿ ಸುತ್ತುತ್ತದೆ, ಅಳತೆ ತಪ್ಪುತ್ತದೆ. ಅಷ್ಟು ಹೊತ್ತೂ ಬಾಯ್ಲರ್ ಅರ್ಧ ಲೋಡಿನಲ್ಲಿ ಮೆಲ್ಲಗೆ ಉರಿಯುತ್ತಿದ್ದರೆ ವರದಿ ಚೆನ್ನಾಗಿಯೇ ಬರುತ್ತದೆ. ಮರುದಿನ ಪೂರ್ತಿ ಲೋಡು ಹಾಕಿದಾಗ ಕರಿಹೊಗೆ. ಆದ್ದರಿಂದ ಯಾವ ಲೋಡು, ಯಾವ ಉರುವಲು, ಅದರಲ್ಲಿ ತೇವಾಂಶ ಎಷ್ಟು, ಎಷ್ಟು ಸಲ ಅಳತೆ, ಮಾನ್ಯತೆ ಪಡೆದ ಯಾವ ಲ್ಯಾಬು ಎಂಬುದೆಲ್ಲ ಕರಾರಿನಲ್ಲೇ ಇರಲಿ. ಬ್ಯಾಗಿನ ಬಾಳಿಕೆ ಮತ್ತು ಫಿಲ್ಟರಿನ ಒತ್ತಡ ವ್ಯತ್ಯಾಸಕ್ಕೂ ಅಂಕಿ ಬೇಕು. ಬ್ಯಾಗು ಕಟ್ಟಿಕೊಂಡರೆ ಆಪರೇಟರು ಬೈಪಾಸ್ ತೆರೆಯುತ್ತಾನೆ, ಹೊಗೆ ನೇರ ಆಕಾಶಕ್ಕೆ. ಪರೀಕ್ಷೆ ಪಾಸಾಗುವವರೆಗೆ ಬಿಲ್ಲಿನ ಒಂದು ಪಾಲು ತಡೆಹಿಡಿಯಿರಿ. ದಂಡದ ಮೊತ್ತ ಬರೆಸುವಾಗ ಕರಾರು ಕಾಯ್ದೆಯ 74ನೇ ಕಲಮು ನೆನಪಿರಲಿ: ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಕೋರ್ಟು ಕೊಡಿಸುವುದು ಅದರೊಳಗಿನ ನ್ಯಾಯವಾದ ಪರಿಹಾರವನ್ನು.

ಇನ್ನು ನಿಯಮವೇ ಬದಲಾದರೆ? ಇದಕ್ಕೆ ವಿದ್ಯುತ್ ಸ್ಥಾವರಗಳ ಕಥೆಯೇ ದೊಡ್ಡ ಪಾಠ. 2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಕಲ್ಲಿದ್ದಲು ಸ್ಥಾವರಗಳಿಗೆ ಗಂಧಕದ ಡೈಆಕ್ಸೈಡಿನ ಬಿಗಿ ಮಿತಿ ತಂದಿತು. ಗಂಧಕ ತೊಳೆಯುವ ಎಫ್‌ಜಿಡಿ ಯಂತ್ರಕ್ಕೆ ನೂರಾರು ಕೋಟಿ ಬೇಕು. ವಿದ್ಯುತ್ ಮಾರುವ ಕರಾರುಗಳಾದರೋ ಎಷ್ಟೋ ವರ್ಷ ಹಿಂದಿನವು. ಕಂಪನಿಗಳ ಕೈಹಿಡಿದದ್ದು ಅವುಗಳಲ್ಲಿದ್ದ ‘ಕಾನೂನು ಬದಲಾವಣೆ’ ಷರತ್ತು. ಬಿಡ್ ಸಲ್ಲಿಸುವ ಕೊನೆಯ ದಿನಕ್ಕೆ ಏಳು ದಿನ ಮುಂಚಿನ ತಾರೀಖಿನ ನಂತರ ಕಾನೂನು ಬದಲಾಗಿ ಖರ್ಚು ಏರಿದರೆ, ಬದಲಾವಣೆ ಆಗದಿದ್ದರೆ ಇರುತ್ತಿದ್ದ ಹಣಕಾಸು ಸ್ಥಿತಿಗೇ ಮಾರುವವರನ್ನು ಮರಳಿ ತರಬೇಕು ಎನ್ನುವುದು ಅದರ ಸಾರ. 2018ರ ಮೇ 30ರಂದು ವಿದ್ಯುತ್ ಸಚಿವಾಲಯ ಹೊಸ ಮಿತಿಗಳನ್ನು ಕಾನೂನು ಬದಲಾವಣೆಯೆಂದೇ ಪರಿಗಣಿಸುವಂತೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಸೂಚಿಸಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈ 11ರಂದು ಬಹುಪಾಲು ಸ್ಥಾವರಗಳಿಗೆ ಆ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು. ಜನರ ಉಸಿರಿನ ದೃಷ್ಟಿಯಿಂದ ಅದು ಹಿನ್ನಡೆ ಎಂದೇ ನನ್ನ ಅಭಿಪ್ರಾಯ. ಕರಾರಿನ ಪಾಠ ಬೇರೆ: ಕಾನೂನು ಬಿಗಿಯೂ ಆಗುತ್ತದೆ, ಸಡಿಲವೂ ಆಗುತ್ತದೆ. ಏರಿದ ಖರ್ಚು ಯಾರದು ಎಂದು ಬರೆದ ಜಾಗದಲ್ಲೇ ಉಳಿದ ಹಣ ಯಾರದು ಎಂದೂ ಬರೆಯಿರಿ. ಜಾಬ್‌ವರ್ಕ್ ಮಾಡುವ ಸಣ್ಣ ಘಟಕಕ್ಕೂ ಈ ಷರತ್ತು ಅಷ್ಟೇ ಬೇಕು.

ಯಾವ ಕರಾರಿನಲ್ಲೂ ಸಹಿ ಹಾಕದ ಒಬ್ಬರಿದ್ದಾರೆ: ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುವ ಮನೆಯವರು. ಹೊಗೆಯಿಂದ ಹಾನಿಯಾದರೆ ಅವರು ಐದು ವರ್ಷದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ಕರ್ನಾಟಕದವರಿಗೆ ಅದರ ಚೆನ್ನೈ ಪೀಠ. ಅಪಘಾತದಿಂದ ಹಾನಿಯಾಗಿದ್ದರೆ ತಪ್ಪು ಯಾರದೆಂದು ಅವರು ಸಾಬೀತು ಮಾಡಬೇಕಾಗಿಲ್ಲ. ನಿಮ್ಮ ಕರಾರಿನ ಯಾವ ಷರತ್ತೂ ಅವರನ್ನು ತಡೆಯಲಾರದು.

ನನ್ನ ಪರಿಚಿತರ ಕರಾರಿಗೆ ಕೊನೆಗೆ ಸೇರಿದ್ದು ಮೂರು ಸಾಲು: ಚಾವಣಿಯಲ್ಲಿ ಕೊಳವೆಗೆ ಒಪ್ಪಿಗೆ, ಹಳೆಯ ಬಾಕಿ ಇಲ್ಲವೆಂಬ ಮಾತು, ಸಮ್ಮತಿ ಸಿಗದಿದ್ದರೆ ಅಡ್ವಾನ್ಸ್ ವಾಪಸು. ಮಾಲೀಕರು ಮರುಮಾತಿಲ್ಲದೆ ಒಪ್ಪಿದರು. ನೀವೂ ಸಹಿ ಹಾಕುವ ಮುಂಚೆ ಒಮ್ಮೆ ಆ ಷೆಡ್ಡಿನ ಚಾವಣಿ ನೋಡಿ ಬನ್ನಿ, ಆಮೇಲೆ ಪೆನ್ನು ತೆಗೆಯಿರಿ.