ಸ್ಪ್ಯಾನಿಷಿನ ‘ಲ್ಯಾಮ’: ಒಂದು ರೂಪ, ಮೂರು ಮೂಲ

ಕೀಲಿಪದಗಳು: ಸಮರೂಪತೆ, ಅನೇಕಾರ್ಥತೆ, ಧ್ವನಿನಿಯಮ, ಎರವಲು

ಸ್ಪ್ಯಾನಿಷ್ ಭಾಷೆಯ ‘ಲ್ಯಾಮ’ ಎಂಬ ರೂಪಕ್ಕೆ ಮೂರು ಅರ್ಥಗಳಿವೆ: ಜ್ವಾಲೆ, ‘ಕರೆಯುತ್ತಾನೆ’ ಎಂಬ ಕ್ರಿಯಾರೂಪ, ಆಂಡೀಸ್ ಪರ್ವತಪ್ರದೇಶದ, ಹೇರು ಹೊರುವ ಪ್ರಾಣಿ. (ಇಲ್ಲಿ ‘ಲ್ಯ’ ಎಂಬುದು ತಾಲವ್ಯ ಪಾರ್ಶ್ವಿಕ ಧ್ವನಿಯ ಸಂಕೇತ, ಇಂದು ಬಹುಪಾಲು ಪ್ರದೇಶಗಳಲ್ಲಿ ಅದರ ಉಚ್ಚಾರಣೆ ಯಕಾರಕ್ಕೆ ಸಮೀಪವಾಗಿದೆ.) ಇದು ಒಂದೇ ಪದದ ಅನೇಕಾರ್ಥತೆಯೋ ಭಿನ್ನ ಪದಗಳ ಸಮರೂಪತೆಯೋ ಎಂಬುದನ್ನು ಅರ್ಥವೊಂದರಿಂದಲೇ ನಿರ್ಣಯಿಸಲಾಗದು, ಬೆಂಕಿಯ ನಾಲಿಗೆಗೂ ಕೂಗಿಗೂ ನಂಟು ಕಲ್ಪಿಸುವುದು ಕಷ್ಟವೇನಲ್ಲ. ಇಲ್ಲಿ ನಿರ್ಣಾಯಕವಾದುದು ಧ್ವನಿನಿಯಮ ಎಂಬುದು ನಮ್ಮ ವಾದ.

ಲ್ಯಾಟಿನ್ನಿನ ಪದಾದಿಯ ‘ಪ್ಲ’, ‘ಕ್ಲ’, ‘ಫ್ಲ’ ಗುಚ್ಛಗಳು ಸ್ಪ್ಯಾನಿಷಿನ ಪರಂಪರಾಗತ ಪದಗಳಲ್ಲಿ ಬಹುಮಟ್ಟಿಗೆ ಒಂದೇ ತಾಲವ್ಯ ಪಾರ್ಶ್ವಿಕದಲ್ಲಿ ಲೀನವಾದವು. ‘ಪ್ಲೇನುಸ್’ (ತುಂಬಿದ) ‘ಲ್ಯೇನೊ’ ಆಯಿತು. ‘ಕ್ಲಾವಿಸ್’ (ಕೀಲಿಕೈ) ‘ಲ್ಯಾಬೆ’ ಆಯಿತು. ಅದೇ ಮಾರ್ಗದಲ್ಲಿ ‘ಫ್ಲಮ್ಮ’ (ಜ್ವಾಲೆ), ‘ಕ್ಲಾಮತ್’ (ಕೂಗುತ್ತಾನೆ) ಎಂಬೆರಡೂ ‘ಲ್ಯಾಮ’ದಲ್ಲಿ ಸಂಗಮಿಸಿದವು. ಮುಂದೆ ಲ್ಯಾಟಿನ್ನಿನಿಂದ ನೇರವಾಗಿ ಪಡೆದ ‘ಫ್ಲಾಮ’, ‘ಕ್ಲಾಮಾರ್’ ರೂಪಗಳೂ ಭಾಷೆಯಲ್ಲಿವೆ. ನಮ್ಮ ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ, ತದ್ಭವದಲ್ಲಿ ಅಳಿದ ಭೇದ ತತ್ಸಮದಲ್ಲಿ ಉಳಿದಿದೆ.

ಸೋದರಭಾಷೆಗಳ ಸಾಕ್ಷ್ಯವನ್ನು ಬಳಸುವಾಗ ಎಚ್ಚರ ಅಗತ್ಯ. ಪೋರ್ಚುಗೀಸಿನಲ್ಲಿ ಜ್ವಾಲೆಯೂ ‘ಶಾಮ’, ‘ಕರೆಯುತ್ತಾನೆ’ ಎಂಬುದೂ ‘ಶಾಮ’. ಎರಡು ಭಾಷೆಗಳಲ್ಲಿಯೂ ಕಾಣುವ ಈ ಏಕರೂಪತೆಯನ್ನೇ ಆಧರಿಸಿ ಏಕಮೂಲವನ್ನು ಊಹಿಸಿದರೆ ತಪ್ಪಾಗುತ್ತದೆ, ಏಕೆಂದರೆ ಆ ಮೂರೂ ಗುಚ್ಛಗಳು ಅಲ್ಲಿಯೂ ಒಂದೇ ಧ್ವನಿಯಾಗಿವೆ. ಭೇದವನ್ನು ಕಾಯ್ದುಕೊಂಡಿರುವುದು ಇಟಾಲಿಯನ್: ‘ಫಿಯಾಮ್ಮ’ ಜ್ವಾಲೆ, ‘ಕಿಯಾಮ’ ಕರೆಯುತ್ತಾನೆ.

ಮೂರನೆಯ ಅರ್ಥದ ವಿಚಾರದಲ್ಲಿ ಮಾತ್ರ ಪೋರ್ಚುಗೀಸಿನ ಸಾಕ್ಷ್ಯ ಸ್ಪಷ್ಟ. ಅಲ್ಲಿ ಪ್ರಾಣಿಯ ಹೆಸರು ‘ಶಾಮ’ವಲ್ಲ, ‘ಲ್ಯಾಮ’. ನಿಯತ ಧ್ವನಿಸಂವಾದ ಇಲ್ಲಿ ಮುರಿಯುವುದರಿಂದ ಈ ಪದ ಲ್ಯಾಟಿನ್ ಮೂಲದ್ದಲ್ಲ. ಅದು ಕೆಚುವಾ ಭಾಷೆಯದು. 16ನೆಯ ಶತಮಾನದಲ್ಲಿ ಪೆರುವಿನ ಆಕ್ರಮಣದೊಂದಿಗೆ ಸ್ಪ್ಯಾನಿಷಿಗೆ ಬಂದಿತು. ಕೆಚುವಾದಲ್ಲಿಯೂ ತಾಲವ್ಯ ಪಾರ್ಶ್ವಿಕವಿದ್ದುದರಿಂದ ಎರವಲು ಪದ ರೂಪ ಬದಲಿಸದೆಯೇ ಹಳೆಯ ‘ಲ್ಯಾಮ’ಗಳೊಡನೆ ಬೆರೆಯಿತು.

ಕನ್ನಡದ ‘ಕರೆ’ಯಲ್ಲಿ ಇಂಥದೇ ಸನ್ನಿವೇಶವಿದೆ. ಹೆಸರು ಹಿಡಿದು ಕರೆಯುವುದಕ್ಕೂ ಹಾಲು ಕರೆಯುವುದಕ್ಕೂ ಇಂದು ಒಂದೇ ರೂಪ. ಹಳಗನ್ನಡದಲ್ಲಿ ಮೊದಲನೆಯದು ‘ಕರೆ’, ಎರಡನೆಯದು ‘ಕಱೆ’. ಶಕಟರೇಫದ ಲೋಪವೇ ಇವೆರಡನ್ನು ಒಂದಾಗಿಸಿತು. ಆದ್ದರಿಂದ ನಿಘಂಟುಕಾರರು ಉಲ್ಲೇಖಗಳನ್ನು ಕೂಡಿಸುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಈ ರೂಪದಲ್ಲಿ ಯಾವ ಧ್ವನಿಭೇದ ಅಳಿದಿದೆ? ಅದನ್ನು ಉಳಿಸಿಕೊಂಡಿರುವ ಸಾಕ್ಷಿ ಯಾವುದು?